ಹಿಂಭಾರ

ಭಾಗಮ್ಮ ಸಿಟ್ಟು ಬಂದಾಗ ಪಾತ್ರೆ ಬಡಿಯುವ ಹೆಂಗಸಲ್ಲ. ಸಿಟ್ಟು ಬಂದಷ್ಟೂ ಪಾತ್ರೆಗಳನ್ನು ಮೆಲ್ಲಗೆ ಇಡುತ್ತಿದ್ದಳು. ತಾಟು ನೆಲಕ್ಕೆ ತಾಗಿದ ಸದ್ದೇ ಕೇಳದಿದ್ದ ದಿನ ಸೂಗಪ್ಪ ಎರಡನೆಯ ರೊಟ್ಟಿ ಕೇಳುತ್ತಿರಲಿಲ್ಲ.

ಮನೆಯಲ್ಲಿ ಈ ಸದ್ದಿಲ್ಲದ ಊಟ ಶುರುವಾದದ್ದು ಮೋಟಾರು ಬಂದಮೇಲೆ. ಶಹಾಬಾದದ ಕಡೆ ಕಲ್ಲಿನ ಗಣಿ ನೋಡಿಕೊಳ್ಳುತ್ತಿದ್ದ ಒಬ್ಬ ಬಿಳಿಯ ಸಾಹೇಬ ತನ್ನ ದೇಶಕ್ಕೆ ಹೊರಟಾಗ ಒಂದು ಸಣ್ಣ ಮೋಟಾರನ್ನು ಮಾರಿಹೋಗಿದ್ದ. ಅದರ ಬೆನ್ನಮೇಲೆ ಕಟ್ಟಿಗೆಯ ಒಂದು ಕೋಣೆ. ಒಳಗೆ ಮಲಗಲು ಎರಡು ಹಲಗೆ, ಒಂದು ಕಿಟಕಿ, ಒಲೆ ಇಡಲು ಮೂಲೆ. ಸಾಹೇಬ ಗಣಿಯಿಂದ ಗಣಿಗೆ ಅದರಲ್ಲೇ ಉಂಡು ಅದರಲ್ಲೇ ಮಲಗಿ ತಿರುಗುತ್ತಿದ್ದನಂತೆ. ಶರಣಬಸಪ್ಪನ ಗುಡಿಯ ಓಣಿಯಲ್ಲಿ ಕಿರಾಣಿ ಅಂಗಡಿ ಇಟ್ಟುಕೊಂಡು, ಬೆಳಗಿನಿಂದ ಸಂಜೆತನಕ ಒಂದೇ ಗಾದಿಯ ಮೇಲೆ ಕೂಡುವ ಸೂಗಪ್ಪನಿಗೆ ಅದು ಯಾಕೆ ಬೇಕಾಯಿತೆಂದು ಓಣಿಗೆ ತಿಳಿಯಲಿಲ್ಲ. ಓಣಿಯವರು ಅದಕ್ಕೆ ಮನಿಮೋಟಾರ ಎಂದರು. ಪಕ್ಕದ ಮೋಮಿನಪುರದವರು ಚಲ್ತೀ ಹವೇಲಿ, ನಡೆದಾಡುವ ಬಂಗಲೆ, ಎಂದರು. ಭಾಗಮ್ಮ ಏನೂ ಅನ್ನಲಿಲ್ಲ.

ಖರೆ ಹೇಳಬೇಕೆಂದರೆ ಸೂಗಪ್ಪನಿಗೂ ಕಾರಣ ಸರಿಯಾಗಿ ಗೊತ್ತಿರಲಿಲ್ಲ. ಒಬ್ಬಳೇ ಮಗಳು ಕಸ್ತೂರಿಬಾಯಿ ಕಮಲಾಪುರಕ್ಕೆ ಮದುವೆಯಾಗಿ ಹೋದಮೇಲೆ ಮನೆ ಇದ್ದಕ್ಕಿದ್ದಂತೆ ದೊಡ್ಡದಾಗಿಬಿಟ್ಟಿತ್ತು. ಗಂಡ ಹೆಂಡತಿ ಇಬ್ಬರೂ ಮಗಳ ಜೊತೆ ಮಾತಾಡುತ್ತಿದ್ದರೇ ಹೊರತು ತಮ್ಮ ತಮ್ಮಲ್ಲಿ ಅಲ್ಲ. ಆಡಿಕೊಳ್ಳಬೇಕಾದ ಮಾತನ್ನು ಯಾವತ್ತೋ ಮುಗಿಸಿಬಿಟ್ಟಿದ್ದರೋ, ಇಲ್ಲವೇ ಶುರುವನ್ನೇ ಮಾಡಿರಲಿಲ್ಲವೋ. ಅಷ್ಟು ದೊಡ್ಡ ಮನೆಗಿಂತ ಆ ಸಣ್ಣ ಕೋಣೆ ಅವನಿಗೆ ಹಿತವೆನಿಸಿತು. ಮಧ್ಯಾಹ್ನ ಅಂಗಡಿ ಮುಚ್ಚಿ ಅಲ್ಲಿ ಹೋಗಿ ಅಡ್ಡಾಗುತ್ತಿದ್ದ. ಕದ್ದು ಬೀಡಿ ಸೇದುತ್ತಿದ್ದ. ಕದ್ದು ಎಂದು ಅವನು ತಿಳಿದಿದ್ದ, ಅಷ್ಟೆ.

ಕಸ್ತೂರಿಬಾಯಿಯ ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾದಾಗ ಮೋಟಾರಿಗೂ ಒಂದು ಕೆಲಸ ಬಂತು.

ಬಸುರಿ ಮಗಳಿಗೆ ತವರಿನವರು ಹಸಿರು ಸೀರೆ, ಕುಬಸ, ಹಸಿರು ಬಳೆ, ಜೊತೆಗೆ ಬುಟ್ಟಿ ಬುಟ್ಟಿ ಬುತ್ತಿ ಒಯ್ಯಬೇಕು. ಕಡಕ್ ರೊಟ್ಟಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಕರಿಗಡುಬು, ಎಣ್ಣೆಗಾಯಿ, ಗುರೆಳ್ಳು ಪುಡಿ, ಮೊಸರಬಾನ. ಓಣಿಯ ಹೆಂಗಸರೆಲ್ಲ ಕೂಡಿ ಬಡಿದ ರೊಟ್ಟಿ. ಮಗಳ ಅತ್ತೆ ಗುಂಡಮ್ಮನ ಮನೆತನದಲ್ಲಿ ಇನ್ನೂ ಒಂದು ಕಟ್ಟುಪಾಡು ಇತ್ತು: ಆ ದಿನ ತವರಿನ ಬುತ್ತಿಯ ಗಂಟು ಬಿಚ್ಚುವತನಕ ಬಸುರಿ ಹೆಣ್ಣು ನೀರಿನ ಹೊರತು ಬೇರೇನೂ ಬಾಯಿಗೆ ಹಾಕುವಂತಿಲ್ಲ.

"ಬಂಡಿಯಾಗ ಹೋದ್ರ ಹಿಂದಿನ ದಿನಾನೇ ಹೊಂಡಬೇಕು, ಹೋಳಿಗಿ ಹಳಸ್ತಾವ," ಎಂದ ಸೂಗಪ್ಪ. "ಮೋಟಾರದಾಗ ಮುಂಜಾನಿ ಹೊಂಟ್ರ ಹೊತ್ತು ಏರೂದ್ರಾಗ ಕಮಲಾಪುರ. ಮಗಳು ಹಸಗೊಂಡು ಕೂಡೂದಿಲ್ಲ. ನನ್ನ ಮಾತು."

ಈ ಮಾತು ಕಮಲಾಪುರಕ್ಕೂ ಮುಟ್ಟಿತು. ಅಲ್ಲಿನ ಎಣ್ಣೆಗಾಣದ ಎಂಜಿನ್ನು ರಿಪೇರಿಗೆ ಹೋಗಿದ್ದ ಮೋಮಿನಪುರದ ಹಮೀದ್ ಮೇಸ್ತ್ರಿ ಗುಂಡಮ್ಮನ ಉತ್ತರವನ್ನು ತಂದ.

"ಅಕ್ಕಾರ, ನಿಮ್ಮ ಬೀಗತಿ ಏನಂದ್ರು ಅಂದ್ರ, ಮೋಟಾರ ಬರ್ತದೋ ಬುತ್ತಿ ಬರ್ತದೋ ನೋಡೂಣಂತ. ಎರಡೂ ಕೂಡಿ ಬರೂದು ಮಾತ್ರ ನಾ ಕಾಣೆ ಅಂದ್ರು."

ಭಾಗಮ್ಮ ಕೈಯಲ್ಲಿದ್ದ ತಂಬಿಗೆಯನ್ನು ಬಹಳ ಮೆಲ್ಲಗೆ ಕೆಳಗಿಟ್ಟಳು.

ಹಮೀದ್ ಇನ್ನೊಂದು ಸುದ್ದಿಯನ್ನು ಅಂಗಡಿಗೆ ಬಂದು ಸೂಗಪ್ಪನ ಕಿವಿಯಲ್ಲಿ ಮಾತ್ರ ಹೇಳಿದ. ಕಸ್ತೂರಿ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಏನೂ ಆಗಿಲ್ಲ, ಮೊಣಕಾಲು ತೆರಚಿದೆ ಅಷ್ಟೆ. ಆ ಮನೆಯ ಬಚ್ಚಲು ಬರೀ ಮಣ್ಣಿನದು, ಕಮಲಾಪುರದ ಕೆಂಪು ಮಣ್ಣು ನೀರು ಬಿದ್ದರೆ ಬೆಣ್ಣೆ. ಅವ್ವನಿಗೆ ಹೇಳಬೇಡಿರಿ ಎಂದಿದ್ದಳಂತೆ. ಸೂಗಪ್ಪ ಯಾರಿಗೂ ಹೇಳಲಿಲ್ಲ. ನೆಲಕ್ಕೆ ಹಾಸುವ ಶಹಾಬಾದದ ಫರಸಿಕಲ್ಲು ನಾಲ್ಕು ತರಿಸಿ ಅಂಗಡಿಯ ಹಿಂದೆ ಗೋಣಿ ಹೊದಿಸಿಟ್ಟ.

ಬುತ್ತಿಯನ್ನು ಮೋಟಾರಿನ ಕೋಣೆಯಲ್ಲಿ ಇಡೋಣವೆಂದರೆ ಭಾಗಮ್ಮ ಒಪ್ಪಲಿಲ್ಲ.

"ನೀವು ಬೀಡಿ ಸೇದಿ ಕಾಲು ಚಾಚೂ ಹಾಸಿಗಿ ಮ್ಯಾಲ ನನ್ನ ಮಗಳ ಬುತ್ತಿ ಇಡತಾರೇನ್ರಿ?"

ಸೂಗಪ್ಪನಿಗೆ ಅಂದು ಗೊತ್ತಾಯಿತು, ಅವಳು ಬರೀ ಸುಮ್ಮನಿದ್ದಳು, ಕುರುಡಿಯಾಗಿರಲಿಲ್ಲ.

ಹಾಗಾಗಿ ಬುತ್ತಿಗೆ ಬೇರೆಯೇ ಗಾಡಿ ತಯಾರಾಯಿತು. ದಾರಿಯ ಧೂಳು ಬೀಳಬಾರದು, ದಾರಿಹೋಕರ ದೃಷ್ಟಿ ತಾಗಬಾರದು ಎಂಬುದು ಭಾಗಮ್ಮನ ಕರಾರು. ಟಾಂಗಾ ಕಟ್ಟುವ ಸಿಕಂದರ್ ಮೇಸ್ತ್ರಿ ಎರಡು ಗಾಲಿಯ ಮೇಲೆ ಸಾಗವಾನಿ ಹಲಗೆಯ ಪೆಟ್ಟಿಗೆ ಕೂಡಿಸಿ, ಸುತ್ತ ತಗಡು ಬಡಿದು, ಹಿಂದೆ ಒಂದೇ ಒಂದು ಬಾಗಿಲು ಇಟ್ಟ. ಮುಂದೆ ಎತ್ತಿನ ಬಂಡಿಗಿರುವಂಥ ಒಂದು ಉದ್ದನೆಯ ಮರದ ಮೂಕಿ, ಅದರ ತುದಿಯಲ್ಲಿ ಕೊಂಡಿ. ಕೊಂಡಿಯನ್ನು ಮೋಟಾರಿನ ಬಾಲಕ್ಕೆ ಸಿಕ್ಕಿಸಿದರೆ ಮುಗಿಯಿತು. ಪೆಟ್ಟಿಗೆ ಎಷ್ಟು ಭದ್ರವಾಗಿತ್ತೆಂದರೆ ಖಾಲಿ ಇದ್ದಾಗಲೇ ದೂಡಲು ನಾಲ್ಕು ಗಂಡಾಳು ಬೇಕು.

"ಇದು ರೊಟ್ಟಿ ಒಯ್ಯೂದಕ್ಕೋ, ಸರ್ಕಾರದ ಖಜಾನಿ ಒಯ್ಯೂದಕ್ಕೋ?" ಎಂದ ಹಮೀದ್. "ಎಳಿಯೂ ಮೋಟಾರ ನೋಡಿದ್ರ ಮೇಕಿಮರಿ, ಹಿಂದ ಕಟ್ಟಿದ್ದು ಎಮ್ಮಿ."

ಹೊರಡುವ ದಿನ ಮುಂಜಾನೆ ಓಣಿಯ ಹೆಂಗಸರು ಬುಟ್ಟಿಗಳನ್ನು ತಲೆಯ ಮೇಲೆ ಹೊತ್ತು ತಂದರು. ಅವರಿಗೂ ಒಂದು ಕಟ್ಟಿತ್ತು. ಬುತ್ತಿಗಿಂತ ಮೊದಲು ಗಾಡಿಯೊಳಗೆ ಏನೂ ಹೋಗಕೂಡದು. ಬುತ್ತಿಗಿಂತ ಮುಂದೆ ಏನೂ ಇರಕೂಡದು. ಒಮ್ಮೆ ಏರಿಸಿದ ಬುಟ್ಟಿ ಮಗಳ ಹೊಸ್ತಿಲಲ್ಲಲ್ಲದೆ ನೆಲ ಮುಟ್ಟಕೂಡದು. ಬಾಗಿಲಿದ್ದದ್ದು ಹಿಂದೆ. ಹಾಗಾಗಿ ಹೂವಿನಂಥ ಹಗುರ ರೊಟ್ಟಿಯ ಬುಟ್ಟಿಗಳೆಲ್ಲ ಪೆಟ್ಟಿಗೆಯ ಮುಂದಿನ ಗೋಡೆಗೆ ಹೋಗಿ ಕುಳಿತವು. ಅವುಗಳ ಹಿಂದೆ ಸೀರೆಯ ಗಂಟು, ಬೆಲ್ಲದ ಪೆಂಟೆ, ತಾಮ್ರದ ಹಂಡೆ. ಎಲ್ಲಕ್ಕೂ ಕೊನೆಗೆ, ಭಾಗಮ್ಮ ದೇವರಿಗೆ ಕೈಮುಗಿಯಲು ಒಳಗೆ ಹೋದಾಗ, ಸೂಗಪ್ಪ ಮತ್ತು ಹಮೀದ್ ಉಸಿರು ಬಿಗಿಹಿಡಿದು ನಾಲ್ಕು ಫರಸಿಕಲ್ಲನ್ನು ಬಾಗಿಲಿಗೆ ಹತ್ತಿದಂತೆ ಇಟ್ಟು, ಗೋಣಿ ಹೊದಿಸಿ ಬಾಗಿಲು ಹಾಕಿದರು.

ಕಲ್ಲು ಬಿದ್ದದ್ದೇ ತಡ, ಮುಂದಿನ ಮೂಕಿ ಕೊಂಡಿಯನ್ನು ಮೇಲಕ್ಕೆ ಜಗ್ಗಿತು. ಮೋಟಾರಿನ ಹಿಂಬದಿ ಸ್ವಲ್ಪ ಎದ್ದು ನಿಂತಿತು.

ಸೂಗಪ್ಪ ನೋಡಿದ. ಬಂಡಿಯಲ್ಲಿ ಒಮ್ಮೆಯಾದರೂ ಕುಳಿತವರಿಗೆ ಇದು ಗೊತ್ತು. ಭಾರ ಹಿಂದಕ್ಕೆ ಬಿದ್ದರೆ ನೊಗ ಎದ್ದು ಎತ್ತಿನ ಗಂಟಲು ಬಿಗಿಯುತ್ತದೆ, ಬಂಡಿ ದಾರಿಯ ಮೇಲೆ ನಿಲ್ಲುವುದಿಲ್ಲ. ಇದಕ್ಕೆ ಹಿಂಭಾರ ಅನ್ನುತ್ತಾರೆ. ಮೋಟಾರಿಗೆಲ್ಲಿಯ ಗಂಟಲು ಎಂದು ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ತಿರುಗಿ ನೋಡಿದರೆ ಭಾಗಮ್ಮ ಹೊಸ್ತಿಲಲ್ಲಿ ನಿಂತಿದ್ದಳು. ಕುಸನೂರಿನ ಬಂಡಿಮನೆಯಲ್ಲಿ ಹುಟ್ಟಿ ಬೆಳೆದವಳು. ಅವಳ ಕಣ್ಣೂ ಆ ಎದ್ದ ಮೂಕಿಯ ಮೇಲೇ ಇತ್ತು. ಒಂದು ಕ್ಷಣ ನೋಡಿ ಆಕಾಶದ ಕಡೆ ಮುಖ ಎತ್ತಿದಳು.

"ಹೊತ್ತಾತು. ಹೊಂಡ್ರಿ."

ಹೇಳಿದರೆ ಅವಳು ತನ್ನ ಬುತ್ತಿಯನ್ನು ಮುಂದಿನಿಂದ ತೆಗೆಸಬೇಕಾಗುತ್ತಿತ್ತು. ಹೇಳಿದರೆ ಅವನು ತನ್ನ ಕಲ್ಲನ್ನು ತೋರಿಸಬೇಕಾಗುತ್ತಿತ್ತು. ಇಬ್ಬರೂ ಹೇಳಲಿಲ್ಲ. ಎಷ್ಟೋ ಸಂಸಾರಗಳು ಹೀಗೆಯೇ ಓಣಿ ದಾಟಿ ಹೋಗಿರುತ್ತವೆ.

ಸೂಗಪ್ಪ ಚಕ್ರ ಹಿಡಿದ. ಭಾಗಮ್ಮ ಪಕ್ಕದಲ್ಲಿ ಸೆರಗನ್ನು ಹಣೆತನಕ ಎಳೆದು, ತನ್ನ ಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಫೋಟೋಕ್ಕೆ ಕುಳಿತವಳಂತೆ ಕುಳಿತಳು. ಹಮೀದ್ ಕೋಣೆಯಲ್ಲಿ ಕುಳಿತು ಹಿಂದಿನ ಕಿಟಕಿಯಿಂದ ಪೆಟ್ಟಿಗೆಯ ಮೇಲೆ ಕಣ್ಣಿಟ್ಟ.

ಊರೊಳಗೆ ಏನೂ ಆಗಲಿಲ್ಲ. ಹುಮನಾಬಾದ ಸಡಕ್ಕು ಹತ್ತಿ, ಎರಡೂ ಕಡೆ ಎರೆಹೊಲ ಬಿಚ್ಚಿಕೊಂಡು, ಸೂಗಪ್ಪ ಸ್ವಲ್ಪ ಜೋರು ಮಾಡಿದ್ದೇ ಹಿಂದಿನ ಪೆಟ್ಟಿಗೆ ಗಾಳಿಪಟದ ಬಾಲಂಗೋಚಿಯಂತೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂರಾಡತೊಡಗಿತು. ಅದು ಹೊರಳಿದತ್ತ ಮೋಟಾರೂ ಹೊರಳಿತು.

"ಆಹಿಸ್ತಾ, ಸಾವ್ಕಾರ್ರ, ಆಹಿಸ್ತಾ!" ಹಮೀದ್ ಹಿಂದಿನಿಂದ ಕೂಗಿದ. "ನಮ್ಮ ಎಮ್ಮಿ ಕುಣ್ಯಾಕತ್ತದ!"

ಸೂಗಪ್ಪ ಮೆಲ್ಲಗೆ ಮಾಡಿದ. ಕುಣಿತ ನಿಂತಿತು. ಜೋರು ಮಾಡಿದ. ಮತ್ತೆ ಕುಣಿಯಿತು. ಮೂರನೆಯ ಸಲಕ್ಕೆ ದಾರಿಯ ಪಕ್ಕ ನಿಲ್ಲಿಸಿದ. ಹಮೀದ್ ಇಳಿದು ಗಾಲಿಯ ಕೆಳಗೆ ತೂರಿ ಅತ್ತಿತ್ತ ಬಡಿದು ನೋಡಿದ. ಅವನು ಎಂಜಿನ್ನಿನ ಮನುಷ್ಯ. ಬಂಡಿ ಅವನ ಲೆಕ್ಕದಲ್ಲಿರಲಿಲ್ಲ.

"ಏನಿಲ್ರಿ, ಗಾಲಿ ಗ್ರೀಸ್ ಬೇಡಾಕತ್ತದ."

"ಹಚ್ಚು ಹಮೀದಾ, ಹಚ್ಚು," ಎಂದಳು ಭಾಗಮ್ಮ ಮೇಲಿನಿಂದಲೇ. "ಹಂಗ ನಿಮ್ಮ ಸಾವ್ಕಾರ್ರ ಬಾಯಿಗೂ ಒಂದೀಟು ಹಚ್ಚು. ಮಾತು ತುಕ್ಕು ಹಿಡದಾವ."

"ಅಕ್ಕಾರ, ಅದಕ್ಕ ನನ್ನ ಡಬ್ಬಿ ಸಾಲಂಗಿಲ್ರಿ."

ಸೂಗಪ್ಪ ಮೂಕಿಯ ಕಡೆ ನೋಡಲಿಲ್ಲ. ಬೇಕೆಂದೇ ನೋಡಲಿಲ್ಲ. ಭಾಗಮ್ಮನೂ ತೊಗರಿಯ ಹೊಲವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಗ್ರೀಸ್ ಹಚ್ಚಿದಮೇಲೆ ಕುಣಿತ ಹೆಚ್ಚಾಯಿತು. ಮಹಾಗಾಂವ ಬರುವಷ್ಟರಲ್ಲಿ ಸೂಗಪ್ಪ ಎತ್ತಿನ ನಡಿಗೆಗೆ ಇಳಿದಿದ್ದ. ಊರು ದಾಟುವಾಗ ಹತ್ತಿ ಹೇರಿದ ಬಂಡಿಯೊಂದು ಪಕ್ಕದಲ್ಲೇ ಬಂದು, ಸ್ವಲ್ಪ ಹೊತ್ತು ಜೊತೆಯಲ್ಲೇ ನಡೆದು, ಮುಂದೆ ಹೋಯಿತು. ಬಂಡಿಯವನು ತಿರುಗಿ ಕೇಳಿದ:

"ಎಪ್ಪಾ, ಹಗ್ಗ ಏನಾರ ಬೇಕೇನ್ರಿ? ಹಿಂದ ಕಟಗೊಂಡು ಬರ್ತೀರೇನು?"

"ನಿನ್ನ ಎತ್ತು ದಣದಿದ್ರ ಹೇಳು, ನಾವ ಕಟಗೋತೀವಿ," ಎಂದ ಸೂಗಪ್ಪ. ಆ ಉತ್ತರ ಬಂಡಿಯವನಿಗೆ ಮುಟ್ಟುವಷ್ಟರಲ್ಲಿ ಅವನು ಇನ್ನೂ ದೂರ ಹೋಗಿದ್ದ. ಪಕ್ಕದಲ್ಲಿ ಸೆರಗಿನೊಳಗೆ ಏನೋ ಅಲುಗಿತು. ನಗುವೋ ಕೆಮ್ಮೋ ಸೂಗಪ್ಪನಿಗೆ ತಿಳಿಯಲಿಲ್ಲ. ಅಷ್ಟಕ್ಕೇ ಅವನಿಗೆ ಒಂದು ಗಳಿಗೆ ಹಗುರವೆನಿಸಿತು.

ಆದರೆ ಹೊತ್ತು ಏರುತ್ತಿತ್ತು. ದಾರಿಯ ಮರಗಳ ನೆರಳು ಬುಡಕ್ಕೆ ಸರಿಯುತ್ತಿತ್ತು. ಹೊಸ ಬಳೆಗೆ ಕಾದು, ಬರೀ ನೀರು ಕುಡಿದು ಕುಳಿತ ಮಗಳು ಇಬ್ಬರ ನಡುವೆ ಬಂದು ಕುಳಿತಂತಿತ್ತು. ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗಿತು. ಕಮಲಾಪುರದ ಈಚೆಗಿನ ಇಳಿಜಾರು ಬಂತು.

ಇಳಿಜಾರಿನಲ್ಲಿ ಮೇಕೆಮರಿ ಎಮ್ಮೆಯನ್ನು ಎಳೆಯಲಿಲ್ಲ. ಎಮ್ಮೆಯೇ ಮೇಕೆಮರಿಯನ್ನು ದೂಡಿತು. ಸೂಗಪ್ಪ ಬ್ರೇಕು ತುಳಿದಷ್ಟೂ ಪೆಟ್ಟಿಗೆ ಅಡ್ಡಕ್ಕೆ ಹೊರಳಿ ಮೋಟಾರಿನ ಹಿಂಬದಿಯನ್ನು ತನ್ನ ಜೊತೆ ಎಳೆದುಕೊಂಡಿತು. ಹಮೀದ್ ಒಳಗೆ ಅಲ್ಲಾನ ಹೆಸರು ಹೇಳಿದ, ಭಾಗಮ್ಮ ಶರಣಬಸಪ್ಪನ ಹೆಸರು ಹೇಳಿದಳು. ಪೆಟ್ಟಿಗೆಯೊಳಗಿನಿಂದ ಕಟಕಟ ಸದ್ದು ಬಂತು. ಮೋಟಾರು ದಾರಿ ಬಿಟ್ಟು ತೊಗರಿಯ ಹೊಲದ ಬದುವಿಗೆ ಮೂತಿ ಹಚ್ಚಿ ನಿಂತಿತು.

ಧೂಳು ಮೆಲ್ಲಗೆ ಕೆಳಗೆ ಕೂಡಿತು.

ಸೂಗಪ್ಪ ಇಳಿದು ಹಿಂದೆ ಹೋದ. ಬಾಗಿಲು ತೆಗೆದ. ಗೋಣಿ ಸರಿಸಿ ಮೇಲಿನ ಕಲ್ಲಿಗೆ ಕೈ ಹಾಕಿ ಜಗ್ಗಿದ. ಅವನು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾಡಿದ್ದ ಲೆಕ್ಕ ಅದು: ಯಾವುದಾದರೂ ಒಂದನ್ನು ಬಿಡಬೇಕಾದರೆ ಕಲ್ಲನ್ನೇ ಬಿಡುವುದು.

"ಏನ್ ಮಾಡಾಕತ್ತೀರಿ?" ಭಾಗಮ್ಮ ಬಂದು ನಿಂತಿದ್ದಳು.

"ಇಳಸ್ತೀನಿ. ಇಲ್ಲೇ ಬದುವಿನ ಮ್ಯಾಲ ಇಡ್ತೀನಿ."

"ಕುಬಸಕ್ಕ ಕಲ್ಲು ತಂದವರನ್ನ ಇವತ್ತ ನೋಡಿದೆ ನೋಡ್ರಿ. ಇವ್ಯಾಕ?"

ಹಮೀದ್‌ಗೆ ತಟ್ಟನೆ ಮುಂದಿನ ಗಾಲಿಯ ಗ್ರೀಸ್ ನೆನಪಾಯಿತು. ಅವನು ಆ ಕಡೆ ನಡೆದ.

"ಬಚ್ಚಲಕ್ಕ," ಎಂದ ಸೂಗಪ್ಪ ಕಲ್ಲಿನ ಕಡೆ ನೋಡುತ್ತಲೇ. "ಕಸ್ತೂರಿ ಜಾರಿ ಬಿದ್ದಿದ್ಲಂತ. ಏನೂ ಆಗಿಲ್ಲ. ಮೊಣಕಾಲು ತೆರಚ್ಯಾದ, ಅಷ್ಟ."

"ಯಾವಾಗ?"

"ಹೋದ ಅಮಾಸಿ ಮುಂದ."

"ನನಗ್ಯಾಕ ಹೇಳಲಿಲ್ಲ?"

"ಅವ್ವ ಅಳ್ತಾಳ, ಹೇಳಬ್ಯಾಡ್ರಿ ಅಂದಿದ್ಲಂತ."

"ನೀವೇನ್ ಅಂದ್ರಿ?"

ಸೂಗಪ್ಪ ಯೋಚಿಸಿದ. "ನಾ ಏನೂ ಅನ್ನಲಿಲ್ಲ. ಕಲ್ಲು ತಂದೆ."

ಭಾಗಮ್ಮ ಬಗ್ಗಿ ಕಲ್ಲಿನ ಮೇಲೆ ಅಂಗೈ ಸವರಿದಳು. ನಯವಿಲ್ಲದ, ಕಾಲು ಹಿಡಿದುಕೊಳ್ಳುವ ಕಲ್ಲು. ಅಂಥದ್ದನ್ನೇ ಆರಿಸಿ ತಂದಿದ್ದ. ಈ ಮನುಷ್ಯ ಇಷ್ಟು ದಿನ ಬೀಡಿ ಸೇದುತ್ತ ಏನು ಯೋಚಿಸುತ್ತಿದ್ದ ಎಂಬುದು ಅವಳಿಗೆ ಮೊದಲ ಸಲ ಕೈಗೆ ಸಿಕ್ಕಂತಾಗಿರಬೇಕು. ಅವಳ ಮುಖ ನೋಡಲು ಸೂಗಪ್ಪನಿಗೆ ಧೈರ್ಯ ಸಾಲಲಿಲ್ಲ.

"ಆ ಮೂಕಿ ಎದ್ದದ್ದು ನಾ ಅಲ್ಲೇ ನೋಡಿದ್ದೆ," ಎಂದಳು ಅವಳು. "ಹಿಂಭಾರ ಆಗ್ಯಾದ ಅಂತ ಗೊತ್ತಿತ್ತು."

"ನಾನೂ ನೋಡಿದ್ದೆ."

"ನನ್ನ ಬುತ್ತಿ ಹಿಂದ ಹಾಕಂತೀರಿ ಅಂತ ಸುಮ್ಮನಿದ್ದೆ."

"ನನ್ನ ಕಲ್ಲು ಕೇಳ್ತಿ ಅಂತ ನಾ ಸುಮ್ಮನಿದ್ದೆ."

"ಇಬ್ಬರೂ ಶಾಣ್ಯಾರು," ಎಂದಳು ಭಾಗಮ್ಮ. "ಆ ಹಮೀದನ ಗ್ರೀಸೆಲ್ಲ ಹಾಳು."

ಸೂಗಪ್ಪ ಮತ್ತೆ ಕಲ್ಲಿಗೆ ಕೈ ಹಾಕಿದ. ಅವಳು ಅವನ ಕೈಯನ್ನು ಸರಿಸಿದಳು.

"ಕಲ್ಲು ಬಿಡಬ್ಯಾಡ್ರಿ. ಕಲ್ಲು ಮುಂದ ಹೋಗಲಿ. ಬುತ್ತಿ ತಗೀರಿ."

"ತಗದು ಎಲ್ಲಿಡೂದು? ನೆಲಕ್ಕ ಇಡಂಗಿಲ್ಲ."

ಅವಳು ತನ್ನ ಗಂಟಿನಿಂದ ತೊಳೆದು ಮಡಿಚಿದ ಸೀರೆಯೊಂದನ್ನು ತೆಗೆದು, ಇಷ್ಟು ದಿನ ಇಣುಕಿಯೂ ನೋಡದಿದ್ದ ಕೋಣೆಯ ಮೆಟ್ಟಿಲ ಮೇಲೆ ಕಾಲಿಟ್ಟಳು. ಒಳಗಿನಿಂದ ಅವಳ ಧ್ವನಿ ಬಂತು:

"ಹಮೀದಾ, ಒಂದು ತಪ್ಪಲು ಟೊಂಗಿ ಮುರಕೊಂಡು ಬಾ. ಇಲ್ಲಿ ಬೀಡಿ ತುಂಡು ಬಿತ್ತಿ ಬೆಳಿ ತಗ್ಯಾಕತ್ತಾರ ನಿಮ್ಮ ಸಾವ್ಕಾರ್ರು!"

ಗುಡಿಸಿ, ಎರಡು ಹಲಗೆಯ ಮೇಲೂ ಸೀರೆ ಹಾಸಿದಳು. ಸೂಗಪ್ಪ ಪೆಟ್ಟಿಗೆಯೊಳಗೆ ಹೊಕ್ಕು ಬುಟ್ಟಿಗಳನ್ನು ಒಂದೊಂದಾಗಿ ಕೊಟ್ಟ, ಹಮೀದ್ ನಡುವೆ ನಿಂತು ದಾಟಿಸಿದ, ಅವಳು ತೆಗೆದುಕೊಂಡಳು. ಒಂದೂ ನೆಲ ಮುಟ್ಟಲಿಲ್ಲ. ಆಮೇಲೆ ಗಂಡಸರಿಬ್ಬರೂ ಕಲ್ಲುಗಳನ್ನು ಪೆಟ್ಟಿಗೆಯ ಮುಂದಿನ ಗೋಡೆಯ ಕಡೆಗೆ ಎಳೆದು ಹಾಕಿದರು. ಮೂಕಿ ಕೊಂಡಿಯ ಮೇಲೆ ಭಾರ ಬಿಟ್ಟು ಕುಳಿತಿತು. ಭಾಗಮ್ಮ ಬುತ್ತಿಯ ಕಾವಲಿಗೆ ಕೋಣೆಯಲ್ಲೇ ಉಳಿದಳು. ಹಮೀದ್ ಹ್ಯಾಂಡಲ್ ತಿರುಗಿಸಿ ಎಂಜಿನ್ನು ಶುರುಮಾಡಿದ, ಸೂಗಪ್ಪ ಮೋಟಾರನ್ನು ಬದುವಿನಿಂದ ಬಿಡಿಸಿ ದಾರಿಗೆ ತಂದಮೇಲೆ ಮುಂದೆ ಬಂದು ಕುಳಿತ.

ಇಳಿಜಾರು ಮುಗಿಯಿತು. ಸೂಗಪ್ಪ ಜೋರು ಮಾಡಿದ. ಪೆಟ್ಟಿಗೆ ಹೊಸ ಸೊಸೆಯಂತೆ ತಲೆ ತಗ್ಗಿಸಿ ಹಿಂದೆ ಬಂತು.

"ದೇಖಾ, ಸಾವ್ಕಾರ್ರ?" ಹಮೀದ್ ತೊಡೆ ತಟ್ಟಿದ. "ಗ್ರೀಸ್ ಈಗ ಒಳಗ ಇಳೀತು ನೋಡ್ರಿ!"

"ಹೌದಪ್ಪ," ಎಂದ ಸೂಗಪ್ಪ. "ಇಳಿಯಾಕ ಸ್ವಲ್ಪ ಹೊತ್ತು ಹಿಡೀತು."

ಹಿಂದಿನ ಕೋಣೆಯಿಂದ ಈ ಸಲ ಬಂದದ್ದು ಕೆಮ್ಮಲ್ಲ.

ಕಮಲಾಪುರದಲ್ಲಿ ಗುಂಡಮ್ಮ ಬಾಗಿಲಲ್ಲೇ ನಿಂತಿದ್ದಳು. ಅವಳ ಹಿಂದೆ ಮನೆಯ ಹೆಂಗಸರೆಲ್ಲ ನಿಂತಿದ್ದರು. ಹೊತ್ತು ಇನ್ನೇನು ನೆತ್ತಿಗೆ ಬರುವುದರಲ್ಲಿತ್ತು.

"ಬರ್ರಿ ಬೀಗತಿ, ಬರ್ರಿ. ಬುತ್ತಿ ಬೀದರ ನೋಡ್ಕೊಂಡು ಬರ್ತದೇನೋ ಅಂತ ಕುಂತಿದ್ವಿ."

"ಬೀದರಕ್ಕೂ ಹೋಗೂರಿದ್ವಿ," ಎಂದಳು ಭಾಗಮ್ಮ ಕೋಣೆಯಿಂದ ಇಳಿಯುತ್ತ. "ಇಲ್ಲಿ ಬೀಗತಿ ನಿಂತ ನಿಂತ ಬೇರು ಬಿಟ್ಟಾರು ಅಂತ ಬಂದ್ವಿ."

ಕಸ್ತೂರಿ ಒಳಗೆ ಮಣೆಯ ಮೇಲೆ ಕುಳಿತಿದ್ದಳು. ತುಟಿ ಒಣಗಿತ್ತು. ಅವ್ವನನ್ನು ಕಂಡು ಏಳಲು ಹೋದಳು. ಭಾಗಮ್ಮ ಭುಜ ಒತ್ತಿ ಕೂಡಿಸಿದಳು, ಸೀರೆಯ ನಿರಿಗೆಯ ಮೇಲಿನಿಂದಲೇ ಮಗಳ ಮೊಣಕಾಲನ್ನೊಮ್ಮೆ ಮುಟ್ಟಿ ಕೈ ತೆಗೆದಳು. ಮಗಳು ಅವ್ವನ ಮುಖ ನೋಡಿದಳು.

ಗುಂಡಮ್ಮ ಮೊದಲ ಬುಟ್ಟಿಯ ಗಂಟು ಬಿಚ್ಚಿದಳು. ಮುಂಜಾನೆ ಚಂದ್ರನಂತೆ ದುಂಡಗಿದ್ದ ಕಡಕ್ ರೊಟ್ಟಿಗಳಲ್ಲಿ ಈಗ ಒಂದೂ ದುಂಡಗಿರಲಿಲ್ಲ.

"ಅಯ್ಯ ಶಿವನ! ಬೀಗತಿ, ರೊಟ್ಟಿ ನೀವೇ ಅಗದು ತಂದೀರೇನ್ರಿ? ನನ್ನ ಸೊಸಿಗೆ ಹಲ್ಲು ಅದಾವ."

"ಹಲ್ಲು ಕೊಟ್ಟು ಕಳಿಸಿದವರು ನಾವ ಅಲ್ಲೇನ್ರಿ? ಹಸದ ಹುಡುಗಿ ಮುರಕೋತ ಕೂಡಬ್ಯಾಡ ಅಂತ ಮುರದ ತಂದೀವಿ."

ಹೆಂಗಸರ ನಗುವಿನ ನಡುವೆ ಗುಂಡಮ್ಮನ ಮಗ, ಕಸ್ತೂರಿಯ ಗಂಡ ಮಹಾದೇವಪ್ಪ, ಹಂಡೆ ಇಳಿಸಲು ಹೋದವನು ಕೂಗಿದ: "ಅವ್ವಾ, ಇದರಾಗ ಕಲ್ಲು ಅದಾವ!"

ನಗು ನಿಂತಿತು. ಸೂಗಪ್ಪ ಅಂಗಳದಲ್ಲಿ ನಿಂತಲ್ಲೇ ನಿಂತ. ನಿಮ್ಮ ಬಚ್ಚಲಲ್ಲಿ ನಮ್ಮ ಮಗಳು ಜಾರಿದಳು ಎಂದು ಕುಬಸದ ದಿನ ಬೀಗರ ಮನೆಯಲ್ಲಿ ನಿಂತು ಹೇಳುವುದು ಹೇಗೆ? ತಂದವನಿಗೆ ತರುವುದು ಗೊತ್ತಿತ್ತು, ಕೊಡುವುದು ಗೊತ್ತಿರಲಿಲ್ಲ.

"ಅದಾ?" ಎಂದಳು ಭಾಗಮ್ಮ, ಹೋಳಿಗೆ ತೆಗೆದಿಡುವ ಕೈ ನಿಲ್ಲಿಸದೆ. "ನಮ್ಮ ಮನಿಯವರ ಮೋಟಾರ ಅಷ್ಟು ಹಗುರ ನೋಡ್ರಿ, ಭಾರಕ್ಕಂತ ನಾಲ್ಕು ಕಲ್ಲು ಹಾಕ್ಕೊಂಡು ಬಂದೀವಿ. ಇನ್ನ ಹೊಳ್ಳಿ ಯಾರು ಹೊರ್ತಾರ? ಇಲ್ಲೇ ಎಲ್ಲರ ಒಗೀರಿ. ಬೇಕಾದ್ರ ಬಚ್ಚಲದಾಗ ಹಾಸ್ಕೋರಿ."

ಗುಂಡಮ್ಮ ಅವಳನ್ನು ನೋಡಿದಳು. ಹಿತ್ತಲಿನ ಕಡೆ ನೋಡಿದಳು. ಸೊಸೆಯ ಕಡೆ ನೋಡಲಿಲ್ಲ.

"ಮಹಾದೇವಪ್ಪ," ಎಂದಳು, "ಇವತ್ತ ಹಾಸಿಬಿಡು. ಉಣ್ಣೂಕ್ಕಿಂತ ಮದಲ."

ಕುಬಸದ ಸೋಬಾನೆಯ ನಡುವೆ ಗಂಡಸರಿಗೆ ಜಾಗವಿಲ್ಲ. ಸೂಗಪ್ಪ ಹೊರಗಿನ ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕುಳಿತ. ಹಮೀದ್ ಬಾಳೆಯ ಗಿಡದ ನೆರಳಲ್ಲಿ ಮನೆಯ ಆಳುಗಳಿಗೆ ತನ್ನ ಗ್ರೀಸಿನ ಕರಾಮತ್ತನ್ನು ವಿವರಿಸುತ್ತಿದ್ದ. ಒಳಗೆ ಹಾಡು ಮುಗಿಯಿತು. ಬಳೆಗಳ ಸದ್ದು, ಯಾರೋ ಯಾರಿಗೋ ಬಡಿಸುವ ಸದ್ದು, ಆಮೇಲೆ ಒಂದು ಗಳಿಗೆ ಏನೂ ಇಲ್ಲ. ಸೂಗಪ್ಪ ಉಸಿರು ಹಿಡಿದು ಕಿವಿಗೊಟ್ಟ. ಗೋಡೆಯ ಆಚೆ, ಮೊದಲು ಅಂಜುತ್ತ, ಆಮೇಲೆ ಅವಸರದಲ್ಲಿ, ಕಡಕ್ ರೊಟ್ಟಿ ಹಲ್ಲಿಗೆ ಸಿಕ್ಕು ಕಟುಂ ಕಟುಂ ಎಂದಿತು.